ವೈರಲ್ ಜ್ವರ: ಬಿಪಿ ಮಾತ್ರೆ ತೆಗೆದುಕೊಳ್ಳುವವರ ಕಿಡ್ನಿ ಕಾಯುವುದು ಹೇಗೆ?

ಮಳೆಗಾಲದಲ್ಲಿ ಮನೆಯಲ್ಲೊಬ್ಬರಿಗೆ ಡೆಂಗಿ ಎಂದು ಗೊತ್ತಾದರೆ ಸಾಕು, ಎಲ್ಲರೂ ಪ್ಲೇಟ್‌ಲೆಟ್ ಲೆಕ್ಕಕ್ಕೆ ನಿಲ್ಲುತ್ತಾರೆ. ಬೆಳಿಗ್ಗೆ ಎಷ್ಟಿತ್ತು, ಸಂಜೆ ಎಷ್ಟಕ್ಕಿಳಿಯಿತು ಎಂಬ ಸುದ್ದಿ ನೆಂಟರಿಷ್ಟರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ಪಪ್ಪಾಯಿ ಎಲೆಗೆ ಹುಡುಕಾಟ ಶುರುವಾಗುತ್ತದೆ. ‘ನಿನ್ನೆಯಿಂದ ಇವರಿಗೆ ಎಷ್ಟು ಮೂತ್ರ ಹೋಗಿದೆ?’ ಎಂದು ಕೇಳಿ ನೋಡಿ, ಯಾರ ಬಳಿಯೂ ಉತ್ತರವಿರುವುದಿಲ್ಲ. ‘ಬಿಪಿ ಮಾತ್ರೆ ಕೊಟ್ಟಿರಾ?’ ಎಂದರೆ, ‘ಅದನ್ನು ಒಂದು ದಿನವೂ ತಪ್ಪಿಸಿಲ್ಲ’ ಎನ್ನುತ್ತಾರೆ. ವಾಂತಿಯಾಗಿ, ಊಟ ಬಿಟ್ಟು, ಬಾಯಿ ಒಣಗಿ ಮಲಗಿದ ಹಿರಿಯರಿಗೆ ಬಿಪಿ ಮಾತ್ರೆಯನ್ನೂ ಮೈಕೈ ನೋವಿನ ಮಾತ್ರೆಯನ್ನೂ ಒಟ್ಟಿಗೆ ಕೊಟ್ಟು ಕಿಡ್ನಿಗೆ ಪೆಟ್ಟು ಮಾಡಿಕೊಂಡು ಬರುವವರನ್ನು ವರ್ಷವರ್ಷವೂ ನೋಡುತ್ತಿದ್ದೇನೆ. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಹೇಳಿಕೊಟ್ಟವರು ಯಾರೂ ಇರುವುದಿಲ್ಲ, ಅಷ್ಟೆ.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ನಿಯಂತ್ರಣದ ಮಾತು ಎಲ್ಲೆಡೆ ನಡೆಯುತ್ತದೆ, ನಡೆಯಬೇಕು. ಇಲ್ಲಿ ಹೇಳುವುದು ಜ್ವರ ಬಂದ ಮೇಲೆ ಮನೆಯಲ್ಲಿ ಏನು ಮಾಡಬೇಕೆಂಬುದನ್ನು.

ಒಳಗೆ ಏನಾಗುತ್ತದೆ

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಸೋಸಲು ಒತ್ತಡ ಬೇಕು. ಎರಡು ತೂಬುಗಳ ನಡುವಿನ ಪುಟ್ಟ ಕೊಳವೊಂದನ್ನು ಊಹಿಸಿಕೊಳ್ಳಿ: ಮೇಲಿನ ತೂಬಿನಿಂದ ರಕ್ತ ಬರುತ್ತದೆ, ಕೆಳಗಿನ ತೂಬಿನಿಂದ ಹೋಗುತ್ತದೆ. ವಾಂತಿ, ಬೇಧಿ, ಬೆವರಿನಿಂದ ಮೈಯ ನೀರು ಇಳಿದಾಗ ಕಿಡ್ನಿ ರೆನಿನ್ ಎಂಬ ರಸವನ್ನು ಬಿಡುತ್ತದೆ. ಅದರಿಂದ ಹುಟ್ಟುವ ಆಂಜಿಯೊಟೆನ್ಸಿನ್ ಕೆಳಗಿನ ತೂಬನ್ನು ಬಿಗಿ ಮಾಡಿ ಕೊಳದ ಮಟ್ಟವನ್ನು ಉಳಿಸುತ್ತದೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಆಲ್ಡೊಸ್ಟಿರೋನ್ ಎಂಬ ಹಾರ್ಮೋನ್ ಉಪ್ಪನ್ನು ಹಿಡಿದಿಡುತ್ತದೆ. ಮೆದುಳಿನಿಂದ ಬರುವ ವ್ಯಾಸೊಪ್ರೆಸಿನ್ ನೀರನ್ನು ಹಿಡಿದಿಡುತ್ತದೆ. ಇತ್ತ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಮೇಲಿನ ತೂಬು ತೆರೆದೇ ಇರುವಂತೆ ನೋಡಿಕೊಳ್ಳುತ್ತದೆ.

ಈಗ ಮಾತ್ರೆಗಳ ಕೆಲಸ ನೋಡಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಎಂಬ ಬಿಪಿ ಮಾತ್ರೆಗಳೆಲ್ಲ ಕೆಳಗಿನ ತೂಬನ್ನು ಸಡಿಲಿಸುತ್ತವೆ. ಆರೋಗ್ಯವಾಗಿರುವ ದಿನಗಳಲ್ಲಿ ಅದು ಕಿಡ್ನಿಗೆ ಒಳ್ಳೆಯದು, ಕಿಡ್ನಿ ಉಳಿಸಲೆಂದೇ ಎಷ್ಟೋ ಮಧುಮೇಹಿಗಳಿಗೆ ಕೊಡುತ್ತೇವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಮೇಲಿನ ತೂಬನ್ನು ಕಿರಿದು ಮಾಡುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ಇರುವ ನೀರನ್ನೂ ಹೊರಗೆ ಕಳುಹಿಸುತ್ತದೆ. ಮೂರೂ ಸೇರಿದವರಿಗೆ ವಾಂತಿಯೂ ಶುರುವಾದರೆ ಕೊಳ ಬರಿದಾಗಲು ಹೆಚ್ಚು ಹೊತ್ತು ಬೇಡ.

ವೈರಸ್ ನೇರವಾಗಿಯೂ ಕಿಡ್ನಿಯನ್ನು ಕಾಡಬಹುದು. ಕೋವಿಡ್ ವೈರಸ್ ಜೀವಕೋಶದೊಳಗೆ ಹೋಗಲು ಹಿಡಿಯುವ ಎಸಿಇ2 ಎಂಬ ಪ್ರೋಟೀನ್ ಇದೇ ರೆನಿನ್ ವ್ಯವಸ್ಥೆಗೆ ಸೇರಿದ್ದು, ಕಿಡ್ನಿಯ ನಾಳಗಳಲ್ಲೂ ಧಾರಾಳವಾಗಿದೆ. 2020ರಲ್ಲಿ ಅನೇಕರು ಈ ಮಾತ್ರೆಗಳು ವೈರಸ್ಸಿಗೆ ದಾರಿ ಮಾಡಿಕೊಟ್ಟಾವೆಂದು ಹೆದರಿ ಬಿಪಿ ಮಾತ್ರೆ ಬಿಟ್ಟಿದ್ದು ಇದೇ ಕಾರಣಕ್ಕೆ. ಬ್ರೆಜಿಲ್‌ನಲ್ಲಿ 659 ರೋಗಿಗಳ ಮೇಲೆ ನಡೆದ ‘ಬ್ರೇಸ್ ಕೊರೋನಾ’ ಅಧ್ಯಯನ ಮಾತ್ರೆ ಬಿಟ್ಟವರಿಗೂ ಮುಂದುವರಿಸಿದವರಿಗೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದು 2021ರಲ್ಲಿ ವರದಿ ಮಾಡಿತು. ಆದ್ದರಿಂದ ಬರೀ ನೆಗಡಿ, ಮೈ ಬೆಚ್ಚಗೆ, ಊಟ ನೀರು ಸರಿಯಾಗಿ ಸೇರುತ್ತಿದೆ ಎಂದಾದರೆ ಮಾತ್ರೆ ತಪ್ಪಿಸಬೇಡಿ. ಮಾತ್ರೆ ತಡೆಹಿಡಿಯಲು ಕಾರಣವಾಗುವುದು ಮೈ ಒಣಗುವಿಕೆ.

ಹೆಜ್ಜೆ 1: ಜ್ವರವಿಲ್ಲದ ದಿನವೇ ಚೀಟಿ ಬರೆಯಿರಿ

ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದುಕೊಂಡು ಕೂತುಕೊಳ್ಳಿ. ಸ್ಟ್ರಿಪ್‌ನ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣದಾಗಿ ಬರೆದಿರುವ ಔಷಧದ ಹೆಸರು ಓದಿ. ಬಿಪಿ ಮಾತ್ರೆಯ ಹೆಸರಿನ ಬಾಲಕ್ಕೆ ‘ಎಚ್’ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಜೈಡ್ ಸೇರಿದೆ ಎಂದು ಅರ್ಥ. ಅಂದರೆ ಒಂದೇ ಮಾತ್ರೆಯಲ್ಲಿ ತೂಬು ಸಡಿಲಿಸುವುದೂ ನೀರು ಹೊರಹಾಕುವುದೂ ಎರಡೂ ಇವೆ. ಇದು ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಚೀಟಿಯಲ್ಲಿ ಎರಡು ಪಟ್ಟಿ ಮಾಡಿ, ನಿಮ್ಮ ವೈದ್ಯರಿಂದಲೇ ತುಂಬಿಸಿಕೊಳ್ಳಿ. ಮೊದಲನೆಯದು, ವಾಂತಿ ಬೇಧಿಯಾಗಿ ಏನೂ ಸೇರದಿದ್ದಾಗ ತಾತ್ಕಾಲಿಕವಾಗಿ ನಿಲ್ಲಿಸುವಂಥವು. ಮೇಲೆ ಹೇಳಿದ ಬಿಪಿ ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ಸಾಮಾನ್ಯವಾಗಿ ಇದರಲ್ಲಿ ಬರುತ್ತವೆ. ಹೃದಯದ ವೈಫಲ್ಯ ಇರುವವರು ಮಾತ್ರ ಯಾವುದನ್ನೂ ತಾವಾಗಿ ನಿಲ್ಲಿಸದೆ ಅಂದೇ ವೈದ್ಯರಿಗೆ ಕರೆ ಮಾಡಬೇಕು.

ಎರಡನೆಯದು, ತಾವಾಗಿ ಎಂದೂ ನಿಲ್ಲಿಸಬಾರದವು. ಸಂಧಿವಾತಕ್ಕೋ ಆಸ್ತಮಾಕ್ಕೋ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರ ಅಡ್ರಿನಲ್ ಗ್ರಂಥಿ ನಿದ್ದೆಹೋಗಿರುತ್ತದೆ. ಜ್ವರ ಬಂದಾಗ ದೇಹಕ್ಕೆ ಬೇಕಾದ ಹೆಚ್ಚುವರಿ ಕಾರ್ಟಿಸೋಲ್ ಹಾರ್ಮೋನನ್ನು ಅದು ತಯಾರಿಸಲಾರದು. ಅಂಥವರು ಮಾತ್ರೆ ಬಿಟ್ಟರೆ ಬಿಪಿ ಕುಸಿದು ಕಿಡ್ನಿಗೆ ರಕ್ತವೇ ಹೋಗದಂತಾಗುತ್ತದೆ. ಜ್ವರದ ದಿನಗಳಲ್ಲಿ ಅವರಿಗೆ ಅನೇಕ ವೇಳೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಎಷ್ಟೆಂದು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ಮಾತ್ರೆ ವಾಂತಿಯಾಗಿ ಹೋಗುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಬೇಕಾಗುತ್ತದೆ. ಇನ್ಸುಲಿನ್, ಅಟೆನೊಲಾಲ್ ಮತ್ತು ಮೆಟೊಪ್ರೊಲಾಲ್ ಎಂಬ ಬೇರೆ ಬಗೆಯ ಬಿಪಿ ಮಾತ್ರೆಗಳು, ಕಿಡ್ನಿ ಕಸಿಯಾದವರ ಮಾತ್ರೆಗಳು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಚೀಟಿಯ ಕೊನೆಗೆ ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಸೋಸುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಷ್ಟು, ಯಾವ ತಾರೀಖಿನದು ಎಂದು ಬರೆಯಿರಿ. ಇದರ ಉಪಯೋಗ ಮುಂದೆ ಬರುತ್ತದೆ.

ಹೆಜ್ಜೆ 2: ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ

ವಯಸ್ಕರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗಳ ಅಂತರದಲ್ಲಿ. ಯಕೃತ್ತಿನ ತೊಂದರೆ ಇರುವವರು ಕೇಳಿಕೊಂಡೇ ತೆಗೆದುಕೊಳ್ಳಬೇಕು. ಅಸಿಕ್ಲೊಫೆನಾಕ್ ಎಂಬ ನೋವಿನ ಔಷಧ ಮತ್ತು ಪ್ಯಾರಸಿಟಮಾಲ್ ಬೆರೆಸಿದ ಮಾತ್ರೆಯನ್ನು ‘ಪ್ಯಾರಸಿಟಮಾಲ್ ಇದೆಯಲ್ಲ’ ಎಂದು ಕೊಡುವುದು ತೀರಾ ಸಾಮಾನ್ಯವಾದ ತಪ್ಪು. ಮೆಫೆನಮಿಕ್ ಆಸಿಡ್, ನಿಮೆಸುಲೈಡ್ ಬೆರೆತವೂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಮನೆಗೆ ತರಬೇಡಿ. ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವುದನ್ನೂ ಬಿಡಿ. ಮೈಕೈ ನೋವಿಗೆ ಸೊಂಟಕ್ಕೆ ಹಾಕುವ ಆ ಇಂಜೆಕ್ಷನ್ ಬಹಳ ಸಲ ಡೈಕ್ಲೊಫೆನಾಕ್ ಆಗಿರುತ್ತದೆ. ಡೆಂಗಿಯಲ್ಲಿ ಅದು ರಕ್ತಸ್ರಾವಕ್ಕೂ ದಾರಿ ಮಾಡುತ್ತದೆ.

ಹೆಜ್ಜೆ 3: ಕುಡಿಯುವುದಕ್ಕೂ ಕ್ರಮವಿದೆ

ಜ್ವರ, ವಾಕರಿಕೆ, ನೋವು ಇರುವಾಗ ವ್ಯಾಸೊಪ್ರೆಸಿನ್ ಏರಿರುತ್ತದೆ. ದೇಹ ನೀರನ್ನು ಹೊರಗೆ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಹಿರಿಯರು ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ. ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆ, ತಿಳಿಸಾರು, ಓಆರ್‌ಎಸ್ ಇವು ಉತ್ತಮ. ಓಆರ್‌ಎಸ್ ಪೊಟ್ಟಣದಲ್ಲಿ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಇಡೀ ಪೊಟ್ಟಣ ಸುರಿಯಬೇಕು. ಒಂದು ಲೀಟರಿನ ಪುಡಿಯನ್ನು ಲೋಟಕ್ಕೆ ಚಿಟಿಕೆ ಚಿಟಿಕೆಯಾಗಿ ಹಾಕಬೇಡಿ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ. ಡಬ್ಬಿಗಳಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವು ಆ ಹೆಸರನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಬೇಕಾಯಿತು.

ಎಳನೀರಿನ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಗಟ್ಟಿಮುಟ್ಟಾದ ಯುವಕನಿಗೆ ತೊಂದರೆಯಿಲ್ಲ. ಟೆಲ್ಮಿಸಾರ್ಟನ್ ಅಥವಾ ಮೂತ್ರ ಹೆಚ್ಚಿಸುವ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ, ಪೊಟ್ಯಾಸಿಯಂ ಹೊರಗೆ ಕಳುಹಿಸುವ ಆಲ್ಡೊಸ್ಟಿರೋನ್‌ನ ಕೆಲಸವೇ ತಗ್ಗಿರುತ್ತದೆ. ಅಂಥವರಿಗೆ, ಅದರಲ್ಲೂ ಕಿಡ್ನಿ ಮೊದಲೇ ಸೊರಗಿದ್ದವರಿಗೆ, ದಿನಕ್ಕೆ ನಾಲ್ಕಾರು ಎಳನೀರು ಕುಡಿಸಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ನೋಡಲು ಬರುವ ನೆಂಟರು ತರುವ ಎಳನೀರನ್ನು ಮನೆಯ ಮಕ್ಕಳು ಕುಡಿಯಲಿ.

ಹೆಜ್ಜೆ 4: ಮೂತ್ರ ಅಳೆಯುವುದು

ಎಲ್ಲರೂ ಎಡವುವುದು ಇಲ್ಲೇ. ಮುಜುಗರ ಬಿಟ್ಟು ಮಾಡಬೇಕಾದ ಕೆಲಸ ಇದು.

ಔಷಧ ಅಂಗಡಿಯಲ್ಲಿ ಅಳತೆಯ ಗೆರೆಗಳಿರುವ ಯೂರಿನ್ ಪಾಟ್ ಸಿಗುತ್ತದೆ. ಇಲ್ಲದಿದ್ದರೆ ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಮಗ್ ಮತ್ತು ಕುತ್ತಿಗೆ ಕತ್ತರಿಸಿದ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಮಕ್ಕಳ ಸಿರಪ್‌ನೊಂದಿಗೆ ಬರುವ ಅಳತೆಯ ಮುಚ್ಚಳವೋ, ಸೂಜಿಯಿಲ್ಲದ ಸಿರಿಂಜೋ ಇದ್ದರೆ ನೀರು ಸುರಿದು 50 ಮಿಲಿಲೀಟರಿಗೊಂದರಂತೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಹೆಂಗಸರಿಗೆ ಮಗ್ ಅನುಕೂಲ, ಆಮೇಲೆ ಬಾಟಲಿಗೆ ಸುರಿದು ಅಳೆಯಬಹುದು.

ಬೆಳಿಗ್ಗೆ 6ಕ್ಕೆ ಶುರು ಮಾಡುವುದಾದರೆ, 6ಕ್ಕೆ ಮೂತ್ರ ಮಾಡಿಸಿ ಚೆಲ್ಲಿಬಿಡಿ. ಅದು ರಾತ್ರಿಯದು, ಲೆಕ್ಕಕ್ಕಿಲ್ಲ. ಅಲ್ಲಿಂದ ಮಧ್ಯಾಹ್ನ 12ರವರೆಗೆ ಬಂದದ್ದನ್ನೆಲ್ಲ ಕೂಡಿಸಿ, 12ಕ್ಕೆ ಇನ್ನೊಮ್ಮೆ ಹೋಗಿಬರಲು ಹೇಳಿ ಅದನ್ನೂ ಸೇರಿಸಿ. ನೋಟ್‌ಬುಕ್ಕಿನಲ್ಲಿ ಗಂಟೆ, ಅಳತೆ, ಬಣ್ಣ ಮೂರನ್ನೂ ಬರೆಯಿರಿ. ಪಕ್ಕದ ಸಾಲಿನಲ್ಲಿ ಎಷ್ಟು ಕುಡಿದರು ಎಂಬುದನ್ನು ಬರೆಯಿರಿ.

ಲೆಕ್ಕ ಹೀಗೆ: ಮೈತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರಾದರೂ ಬರಬೇಕು. 60 ಕಿಲೋ ತೂಗುವವರಿಗೆ ಗಂಟೆಗೆ 30, ಆರು ಗಂಟೆಗೆ 180 ಮಿಲಿಲೀಟರ್. ಸುಮಾರು ಒಂದು ಕಾಫಿ ಲೋಟದಷ್ಟು. ಆರು ಗಂಟೆಯಲ್ಲಿ ಅದಕ್ಕಿಂತ ಕಡಿಮೆ ಬಂದಿದ್ದರೆ ಕಿಡ್ನಿಗೆ ತೀವ್ರ ಪೆಟ್ಟು ಬೀಳುತ್ತಿದೆ ಎಂದು ಭಾವಿಸಿ ಆಸ್ಪತ್ರೆಗೆ ಹೊರಡಿ.

ಅಳತೆ ಸರಿಯಿದ್ದೂ ಮೋಸ ಹೋಗುವ ಸಂದರ್ಭಗಳಿವೆ. ಸಕ್ಕರೆ ಏರಿದವರಿಗೆ, ಡಾಪಾಗ್ಲಿಫ್ಲೋಜಿನ್ ನುಂಗಿದವರಿಗೆ, ಮೂತ್ರದ ಮಾತ್ರೆ ತೆಗೆದುಕೊಂಡವರಿಗೆ ಮೈ ಒಣಗುತ್ತಿದ್ದರೂ ಮೂತ್ರ ಧಾರಾಳವಾಗಿಯೇ ಬರುತ್ತದೆ. ಇವರಲ್ಲಿ ಒಣ ನಾಲಿಗೆ, ಎದ್ದು ನಿಂತಾಗ ತಲೆ ಸುತ್ತು, ಇಳಿದ ಬಿಪಿಯನ್ನು ನಂಬಿ. ಪ್ರಾಸ್ಟೇಟ್ ಊದಿದ ಹಿರಿಯರಲ್ಲಿ ಮೂತ್ರ ಒಳಗೇ ಕಟ್ಟಿಕೊಂಡಿರಬಹುದು, ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಬೇಗ ತೋರಿಸಿ. ಕಡು ಹಳದಿಗೆ ಬಿ ಕಾಂಪ್ಲೆಕ್ಸ್ ಕಾರಣವಿರಬಹುದು. ಡಿಕಾಕ್ಷನ್ ಬಣ್ಣ ಬಂದರೆ ಮಾತ್ರ ಕಾಯಬೇಡಿ. ಸ್ನಾಯು ಅಥವಾ ರಕ್ತಕಣ ಒಡೆದು ಕಿಡ್ನಿಯ ನಾಳಗಳಲ್ಲಿ ಕಟ್ಟಿಕೊಳ್ಳುತ್ತಿರುವ ಸೂಚನೆಯಾಗಿರಬಹುದು.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ, ಅಂದರೆ ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ರಕ್ತನಾಳಗಳಿಂದ ದ್ರವ ಸೋರಲು ಶುರುವಾಗುತ್ತದೆ. ಜ್ವರ ಬಿಟ್ಟಿತೆಂದು ನೋಟ್‌ಬುಕ್ ಮುಚ್ಚಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು, ವಸಡಿನಲ್ಲಿ ರಕ್ತ ಕಂಡರೆ ಮನೆಮದ್ದಿನ ಸಮಯ ಮುಗಿಯಿತು. ಹಾಗೆಂದು ಬೀದಿ ಕೊನೆಯಲ್ಲಿ ‘ಎರಡು ಬಾಟಲಿ ಗ್ಲೂಕೋಸ್’ ಹಾಕಿಸಿಕೊಂಡು ಬರುವುದೂ ಅಪಾಯವೇ. ಸೋರುವ ನಾಳಕ್ಕೆ ಅಳತೆಯಿಲ್ಲದೆ ದ್ರವ ಸುರಿದರೆ ಅದು ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತದೆ.

ಹೆಜ್ಜೆ 5: ವರದಿಯನ್ನು ಹಳೆಯದರೊಂದಿಗೆ ಇಟ್ಟು ಓದಿ

ಪ್ಲೇಟ್‌ಲೆಟ್ ಜೊತೆಗೆ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಮಾಡಿಸಿ. ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ 1.1 ಎಂದಿದ್ದರೆ ದಪ್ಪ ಅಕ್ಷರದ ಎಚ್ಚರಿಕೆ ಇರುವುದಿಲ್ಲ, ಅದು ‘ನಾರ್ಮಲ್’ ಮಿತಿಯೊಳಗೇ ಇದೆ. ಆದರೆ ಚೀಟಿಯಲ್ಲಿ ಕಳೆದ ತಿಂಗಳದ್ದು 0.7 ಎಂದಿದ್ದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 48 ಗಂಟೆಯಲ್ಲಿ 0.3ರಷ್ಟು ಏರಿದರೂ, ವಾರದೊಳಗೆ ಒಂದೂವರೆ ಪಟ್ಟಾದರೂ ಅದು ತೀವ್ರ ಕಿಡ್ನಿ ಹಾನಿ. ವೈದ್ಯರ ಮುಂದೆ ಆ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಡಿ. ಕರಾವಳಿಯವರು, ಗದ್ದೆ ಕೆಲಸದವರು ಇಲಿಜ್ವರದ ಪರೀಕ್ಷೆಯನ್ನೂ ಕೇಳಿ. ಅದು ವೈರಸ್ಸಿನದಲ್ಲ, ಬ್ಯಾಕ್ಟೀರಿಯಾದ್ದು. ಕಿಡ್ನಿಯನ್ನೇ ಹಿಡಿಯುವ ಆ ಕಾಯಿಲೆಗೆ ಆಂಟಿಬಯೋಟಿಕ್ ಬೇಗ ಬೀಳಬೇಕು.

ಹೆಜ್ಜೆ 6: ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿ

ಸರಿಯಾಗಿ ಊಟ ನೀರು ಸೇರಲು ಶುರುವಾಗಿ 24ರಿಂದ 48 ಗಂಟೆ ಕಳೆದ ಮೇಲೆ, ವೈದ್ಯರಿಗೆ ಹೇಳಿ, ತಡೆಹಿಡಿದ ಮಾತ್ರೆಗಳನ್ನು ಮತ್ತೆ ಶುರು ಮಾಡಬೇಕು. ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಕ್ರಿಯಾಟಿನಿನ್ ನೋಡಿಕೊಂಡು ಅವರು ದಿನ ಹೇಳುತ್ತಾರೆ. ‘ಬಿಟ್ಟ ಮೇಲೆ ಚೆನ್ನಾಗಿಯೇ ಇದ್ದೇನೆ’ ಎಂದು ತಿಂಗಳುಗಟ್ಟಲೆ ಬಿಟ್ಟು, ಕೊನೆಗೆ ಪಾರ್ಶ್ವವಾಯು ಆಗಿ ಬಂದವರಿದ್ದಾರೆ. ನಿಲ್ಲಿಸಿದ ದಿನವೇ ಕ್ಯಾಲೆಂಡರಿನಲ್ಲಿ ವೈದ್ಯರಿಗೆ ಕರೆ ಮಾಡಬೇಕಾದ ದಿನವನ್ನೂ ಗುರುತು ಹಾಕಿಬಿಡಿ.

ಮಾತ್ರೆ ಮತ್ತೆ ಶುರುವಾದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಪೆಟ್ಟು ಬಿದ್ದವರು ಮೂರು ತಿಂಗಳಿಗೆ ಇನ್ನೊಮ್ಮೆ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಅಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್) ಪರೀಕ್ಷೆ ಮಾಡಿಸಬೇಕು. ಜ್ವರದ ದಿನಗಳಲ್ಲಿ ಮಾಡಿಸಿದ ಅಲ್ಬುಮಿನ್ ನಂಬುವಂಥದ್ದಲ್ಲ, ಜ್ವರವೇ ಅದನ್ನು ಏರಿಸಿರುತ್ತದೆ. ಮೈ ಪೂರ್ತಿ ಸರಿಹೋದ ಮೇಲೆ, ಬೆಳಗಿನ ಮೊದಲ ಮೂತ್ರವನ್ನೇ ಲ್ಯಾಬಿಗೆ ಕೊಡಿ, ಬಂದ ಸಂಖ್ಯೆಯನ್ನು ಅದೇ ಚೀಟಿಯಲ್ಲಿ ತಾರೀಖು ಸಮೇತ ಬರೆದಿಡಿ.