ಲೋಚ್ ಮೀನು ಸಾಕ್ಬೇಕಂದ್ರ ತಳದಿಂದ ಶುರು ಮಾಡ್ರಿ

ಬಳ್ಳಾರಿ ಇರ್ಲಿ ರಾಯಚೂರು ಇರ್ಲಿ, ಅಕ್ವೇರಿಯಂ ಅಂಗಡಿಗೆ ಹೋಗಿ ಟ್ಯಾಂಕಿನ ತಳ ಬರೀ ಹೊಲಸಾಗ್ತೈತಿ ಏನ್ ಮಾಡ್ಲಿ ಅಂತ ಕೇಳಿದ್ರ ಸೀದಾ ಒಂದು ಕವರಿನ್ಯಾಗ ಎರಡು ಪಟ್ಟಿಪಟ್ಟಿ ಮೀನು ಹಾಕಿ ಕೊಡ್ತಾರ, "ಇದು ಕ್ಲೀನರ್ ಐತ್ರಿ, ಉಳಿದದ್ದೆಲ್ಲಾ ತಿಂತೈತಿ, ಬ್ಯಾರೆ ಊಟ ಹಾಕೋದೂ ಬ್ಯಾಡ" ಅಂತ. ಆ ಮೀನೇ ಲೋಚ್. ಹಂಗ ತಂದ ಲೋಚು ತಿಂಗಳೊಪ್ಪತ್ತಿನ್ಯಾಗ ಬಡಕಲಾಗಿ ಸಾಯ್ತೈತಿ, ಯಾಕಂದ್ರ ಅದು ಹುಳಹುಪ್ಪಟಿ ತಿನ್ನೋ ಮೀನು, ಬ್ಯಾರೆ ಮೀನಿನ ಹೇಲು ತಿಂದು ಅದು ಬದುಕೋದಿಲ್ಲ. ಅಂಗಡಿಯವ್ರಿಗೆ ಏನ್ರಿ, ಸತ್ರ ಇನ್ನೊಂದು ಮಾರ್ತಾರ.

ಲೋಚು ಸಾಕೋದು ಅಂದ್ರ ಅರ್ಧಕ್ಕರ್ಧ ತಳ ರೆಡಿ ಮಾಡೋ ಕೆಲಸನ. ಉಸುಕು, ನೀರು-ಗಾಳಿ, ಅಡಗೋ ಜಾಗ, ರಾತ್ರಿ ಊಟ, ಈ ಕ್ರಮದಾಗ ಹೋದ್ರ ನಮ್ಮ ಬಿಸಲಿನ್ಯಾಗೂ ಇದು ಆರಾಮ್ ಬದುಕ್ತೈತಿ. ಮೀನು ತರೋದು ಕಡೀಗೆ.

ಮೊದ್ಲು ಅದರ ಮೈ ಅರ್ಥ ಮಾಡ್ಕೊಳ್ರಿ

ಕಟ್ಲಾ, ರೋಹು ಇದಾವಲ್ಲ, ಆ ಕಾರ್ಪ್ ಬಳಗಕ್ಕೆ ಲೋಚುಗಳು ದೂರದ ಸಂಬಂಧಿಕರು. ಆದ್ರ ಕಾರ್ಪ್ ನೀರಿನ ನಡುವ ತೇಲಿದಂಗ ಇವು ತೇಲೋದಿಲ್ಲ. ಮೀನಿನ ಹೊಟ್ಟ್ಯಾಗ ತೇಲಾಕ ಒಂದು ಗಾಳಿಚೀಲ ಇರ್ತೈತಿ, ಲೋಚಿನ್ಯಾಗ ಅದು ಸಣ್ಣದಾಗಿ ಅದರ ಮುಂದಿನ ಭಾಗ ಎಲುಬಿನ ಗೂಡಿನೊಳಗ ಸೇರ್ಕೊಂಡೈತಿ. ಹಂಗಾಗಿ ಈಜೋದು ನಿಲ್ಲಿಸಿದ್ರ ತಳಕ್ಕೆ ಕುಂತುಬಿಡ್ತೈತಿ, ಅದರ ಜೀವನ ಎಲ್ಲಾ ಅಲ್ಲೇ.

ಬಾಯಿ ಕೆಳಮುಖ, ಬಾಯಿ ಸುತ್ತ ಮೀಸೆ. ಜಾತಿ ನೋಡ್ಕೊಂಡು ಮೂರು ಜೋಡಿ ಇಲ್ಲಾ ಅದಕ್ಕಿಂತ ಹೆಚ್ಚು ಇರ್ತಾವ, ಮುಟ್ಟಿ ರುಚಿ ಹಿಡಿಯೋದು ಅದ್ರಿಂದ, ಕತ್ತಲದಾಗ ಕಣ್ಣಿಗಿಂತ ಮೀಸೆನೇ ಕೆಲಸಕ್ಕ ಬರ್ತೈತಿ. ಹುರುಪೆ ಭಾಳ ಸಣ್ಣು, ಕೆಲವಕ್ಕ ಇಲ್ಲೇ ಇಲ್ಲ, ಮುಟ್ಟಿದ್ರ ಲೋಳಿ ಲೋಳಿ ಅಂತೈತಿ. ಬೋಟಿಯಾ ಜಾತಿಯವಕ್ಕೂ (ಮುಂದ ಹೇಳೋ ಜೀಬ್ರಾ, ಕ್ಲೌನ್ ಲೋಚು ಈ ಬಳಗದವು) ಉಸುಕಿನ ಸ್ಪೈನಿ ಲೋಚಿಗೂ ಕಣ್ಣಿನ ಕೆಳಗ ಒಂದು ಕವಲು ಮುಳ್ಳು ಇರ್ತೈತಿ, ಸುಮ್ಮನಿದ್ದಾಗ ಚರ್ಮದೊಳಗ ಮಡಚ್ಕೊಂಡಿರ್ತೈತಿ, ಹೆದರಿದ್ರ ಟಕ್ ಅಂತ ಹೊರಗ ಬಂದು ನಿಲ್ತೈತಿ. ಇದನ್ನ ನೆನಪಿಡ್ರಿ, ಯಾಕಂದ್ರ ಬಲೆ ಹಾಕಿ ಹಿಡಿದ್ರ ಆ ಮುಳ್ಳು ಬಲೆಗೆ ಸಿಕ್ಕೊಂಡು ಬಿಡಿಸಾಕ ಹೋದಾಗ ಮೀನಿನ ಮುಖ ಹರಿತೈತಿ. ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ ನೀರಿನ ಸಮೇತ ಎತ್ತೋದು ಒಂದೇ ದಾರಿ.

ಯಾವ ಲೋಚು?

ನಾಲ್ಕೈದು ಹೆಸರು ಗೊತ್ತಿದ್ರ ಸಾಕು. ಜೀಬ್ರಾ ಲೋಚ್ ನಮ್ಮದೇ ನದಿಯ ಮೀನು, ಶಿವಮೊಗ್ಗದ ತುಂಗಾ ನದಿಯ ಮೀನು ನೋಡಿ 1920ರಾಗ ಸಿ.ಆರ್. ನಾರಾಯಣ ರಾವ್ ಅನ್ನೋ ಪ್ರಾಣಿಶಾಸ್ತ್ರಜ್ಞರು ಬೋಟಿಯಾ ಸ್ಟ್ರಯಾಟಾ ಅಂತ ಹೆಸರಿಟ್ರು. ಅದೇ ತುಂಗಾ ಮುಂದ ಕೂಡ್ಲಿಯೊಳಗ ಭದ್ರಾ ಕೂಡಿ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರಿನ ಕಡೆ ಹರಿದು ಬರೋದು. ಚಂದನ ಮೀನು ಖರೆ, ಆದ್ರ ಪಶ್ಚಿಮ ಘಟ್ಟ ಬಿಟ್ರ ಜಗತ್ತಿನ್ಯಾಗ ಬ್ಯಾರೆ ಕಡೆ ಇಲ್ಲ, ಜೀವಿಗಳ ಅಳಿವು ಉಳಿವು ಲೆಕ್ಕ ಹಾಕೋ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಪಟ್ಟಿಯೊಳಗ ಅಳಿವಿನಂಚಿನ ಜಾತಿ ಅಂತ ಐತಿ. ಕಾಡಿನ ಹೊಳಿಯಾಗ ಹಿಡಿದೂ ಮಾರ್ತಾರ, ಹಂಗಾಗಿ ನಾನಂತೂ ತಗೊಳ್ರಿ ಅನ್ನಾಂಗಿಲ್ಲ.

ಕ್ಲೌನ್ ಲೋಚ್ ಇಂಡೋನೇಷ್ಯಾ ಕಡೆ ಸುಮಾತ್ರಾ, ಬೋರ್ನಿಯೋದ್ದು, ಕಿತ್ತಳೆ ಮೈಮ್ಯಾಲ ಮೂರು ಕರಿ ಪಟ್ಟಿ. ಅಂಗಡಿಯಾಗ ಎರಡಿಂಚು ಇರ್ತೈತಿ, ಬೆಳೆದ್ರ ಒಂದಡಿ ಆಗ್ತೈತಿ, 20 ವರ್ಷಕ್ಕಿಂತ ಹೆಚ್ಚು ಬದುಕ್ತೈತಿ, ಆರಡಿ ಟ್ಯಾಂಕ್ ಇಡೋ ಜಾಗ ಇದ್ರ ಮಾತ್ರ ಅದರ ಕಡೆ ನೋಡ್ರಿ. ಕೂಲಿ ಲೋಚ್ ಜಾವಾದ ಕಡೆದು, ಹಾವಿನ ಮರಿ ಇದ್ದಂಗ ಬೆರಳುದ್ದ ಇರ್ತೈತಿ, ಸಣ್ಣ ಟ್ಯಾಂಕಿಗೆ ಹೇಳಿ ಮಾಡಿಸಿದ್ದು. ಬಂಡಿಗೆ ಅಂಟ್ಕೊಂಡು ಕೂಡೋ ಹಿಲ್‌ಸ್ಟ್ರೀಮ್ ಲೋಚ್ ಬೇಕಂದ್ರ ಸುಮ್ಮನ ಬಿಡ್ರಿ, ಅದಕ್ಕ ತಣ್ಣನ್ನ ರಭಸದ ನೀರು ಬೇಕು, ರಾಯಚೂರಿನ ಮೇ ತಿಂಗಳದಾಗ ಅದನ್ನ ಇಡೋದು ಮೀನಿಗೆ ಶಿಕ್ಷೆ.

ನನ್ನ ಆಯ್ಕೆ ಕೇಳಿದ್ರ ಕಾಮನ್ ಸ್ಪೈನಿ ಲೋಚ್. ಲೆಪಿಡೋಸೆಫಾಲಿಕ್ತಿಸ್ ಥರ್ಮಾಲಿಸ್ ಅಂತ ಹೆಸರು ಉದ್ದ, ಮೀನು ಮಾತ್ರ ಎರಡು ಮೂರಿಂಚು. ದಕ್ಷಿಣ ಭಾರತ, ಶ್ರೀಲಂಕಾದ ಉಸುಕಿನ ಹಳ್ಳ, ಗದ್ದೆ ನೀರಿನ್ಯಾಗ ಸಿಗ್ತೈತಿ, ಮೊದ್ಲು ಇದರ ಬಗ್ಗೆ ಬರೆದಿದ್ದು ಶ್ರೀಲಂಕಾದ ಬಿಸಿನೀರಿನ ಬುಗ್ಗೆಯಾಗ ಸಿಕ್ಕ ಮೀನು ನೋಡಿ, ಅಷ್ಟು ಶಾಖ ತಡಿತೈತಿ ಅಂದ್ರ ನಮ್ಮೂರಿಗೆ ಇದಕ್ಕಿಂತ ಇನ್ನೇನು ಬೇಕು. ಮಧುರೈ ಕಡೆ ಇದನ್ನ ಅಯಿರೈ ಅಂತ ಸಾರು ಮಾಡ್ಕೊಂಡು ತಿಂತಾರ, ಭಾರೀ ಡಿಮ್ಯಾಂಡ್ ಐತಿ, ಅದು ಬ್ಯಾರೆ ಮಾತು.

ಉಸುಕು

ಇಲ್ಲೇ ಹೆಚ್ಚು ಮಂದಿ ಎಡವೋದು. ಅಂಗಡಿಯಾಗ ಕೆಂಪು ನೀಲಿ ಬಣ್ಣದ ಕಲ್ಲು ಕೊಡ್ತಾರಲ್ಲ, ಅದು ಲೋಚಿಗೆ ಬ್ಯಾಡ. ಮನಿ ಕಟ್ಟಾಕ ತಂದ ಎಂ-ಸ್ಯಾಂಡ್ ಉಳಿದೈತಿ ಅಂತ ಅದನ್ನ ಹಾಕ್ತೀರೇನೋ, ಅದಂತೂ ಬ್ಯಾಡೇ ಬ್ಯಾಡ, ಕಲ್ಲು ಪುಡಿ ಮಾಡಿ ಮಾಡಿದ್ದು, ಕಾಳು ಕಾಳಿಗೂ ಮೂಲಿ ಇರ್ತಾವ, ಮೀಸೆ ತಿಕ್ಕಿ ತಿಕ್ಕಿ ಸವೆದು ಹುಣ್ಣಾಗ್ತೈತಿ, ಮೀಸೆ ಹೋದ ಲೋಚಿಗೆ ಊಟ ಹುಡುಕಾಕ ಬರೋದಿಲ್ಲ.

ಯಾಕ ಇಷ್ಟು ಹೇಳ್ತೀನಿ ಅಂದ್ರ ಅದು ತಿನ್ನೋದನ್ನ ಒಮ್ಮೆ ಹತ್ರದಿಂದ ನೋಡ್ಬೇಕು. ತಲಿ ಕೆಳಗ ಮಾಡಿ ಬಾಯಿ ತುಂಬ ಉಸುಕು ತಗೋತೈತಿ, ಗಲ್ಲ ನಾಲ್ಕೈದು ಸಲ ಪಟಪಟ ಆಡ್ತಾವ, ಆಮ್ಯಾಲ ಕಿವಿರಿನ ಎರಡೂ ಕಡೆಯಿಂದ ಉಸುಕು ಸಣ್ಣಗ ಹೊಗೆ ಹೊಗೆಯಾಗಿ ಉದುರ್ತೈತಿ, ಒಳಗ ಸಿಕ್ಕ ಹುಳ ಅಲ್ಲೇ ಉಳಿತೈತಿ. ಹಗಲು ಅದೇ ಉಸುಕಿನೊಳಗ ಹೂತ್ಕೊಂಡು ಎರಡು ಕಣ್ಣು ಅಷ್ಟ ಹೊರಗ ಇಟ್ಕೊಂಡು ಮಲಗ್ತೈತಿ. ಹಂಗಂದ್ಮ್ಯಾಲ ಉಸುಕು ಬಾಯೊಳಗೂ ಹೋಗ್ಬೇಕು, ಮೈಗೂ ಚುಚ್ಚಬಾರ್ದು.

ನಯವಾದ ಹೊಳಿ ಉಸುಕು ಒಂದು ಬಕೀಟು ಸಿಕ್ರ ಸಾಕು. ಸಣ್ಣ ಸಾಣಿಗಿಯಾಗ ಸೋಸಿ, ದಪ್ಪಂದು ಬಿಟ್ಟು, ನೀರು ತಿಳಿ ಆಗೋವರ್ಗೂ ತೊಳಿರಿ. ಸಂಡೂರು, ಹೊಸಪೇಟೆ ಕಡೆಯ ಉಸುಕಾದ್ರ ಕೆಂಪು ಧೂಳು ಬಿಡೋದ್ರಾಗ ಕೈ ಸೋತು ಹೋಗ್ತಾವ, ಆದ್ರೂ ತೊಳಿಲೇಬೇಕು. ಎರಡಿಂಚು ದಪ್ಪ ಹಾಸಿದ್ರ ಸಾಕು, ಅದಕ್ಕಿಂತ ಹೆಚ್ಚಾದ್ರ ಕೆಳಗ ಗಾಳಿ ಆಡದ ಕೊಳೆತು ಗ್ಯಾಸ್ ಕಟ್ತೈತಿ, ವಾರಕ್ಕೊಮ್ಮೆ ಬೆರಳಾಡಿಸಿ ಕೆದರ್ತಾ ಇರ್ರಿ.

ಕಲ್ಲಿನ ವಿಷಯ. ಮನಿ ಹಿತ್ತಲದಾಗ ಶಾಬಾದ್ ಕಲ್ಲಿನ ತುಂಡು ಬಿದ್ದಿರ್ತಾವ, ಚಪ್ಪಟೆ ಇರ್ತಾವ, ಗವಿ ಮಾಡಾಕ ಚಂದ ಅನಸ್ತೈತಿ. ಅದು ಸುಣ್ಣಕಲ್ಲು, ನೀರಿನ್ಯಾಗ ನಿಧಾನಕ್ಕ ಕರಗಿ ನೀರು ಇನ್ನೂ ಗಡುಸು ಮಾಡ್ತೈತಿ. ಅನುಮಾನ ಇದ್ರ ಕಲ್ಲಿನ ಮ್ಯಾಲ ಲಿಂಬಿಹಣ್ಣು ಹಿಂಡ್ರಿ, ಬುಸುಬುಸು ನೊರೆ ಬಂದ್ರ ಬ್ಯಾಡ. ನಮ್ಮ ಕಡೆ ಗುಡ್ಡದ ಗ್ರಾನೈಟ್ ಕಲ್ಲಿಗೆ ಏನೂ ಆಗೋದಿಲ್ಲ, ಮೂಲಿ ಸವೆದು ದುಂಡಗಾದದ್ದು ಆರಿಸ್ಕೊಳ್ರಿ.

ನೀರು, ಗಾಳಿ, ಬಿಸಲು

ಬೋರಿನ ನೀರು ನಮ್ಮಲ್ಲಿ ಎಷ್ಟು ಗಡುಸು ಅಂತ ಬೆಳ್ಳಗ ಪದರು ಕಟ್ಟಿದ ಬಕೀಟು, ನಳ ನೋಡಿದ್ರನ ಗೊತ್ತಾಗ್ತೈತಿ. ಓಣಿ ಶುದ್ಧ ನೀರಿನ ಘಟಕದ ಆರ್‌ಒ ನೀರು ಬರೀ ಅದನ್ನೇ ಹಾಕಿದ್ರೂ ತಪ್ಪು, ಅದ್ರಾಗ ಉಪ್ಪಿನಂಶ ಪೂರಾ ಕಮ್ಮಿ. ಅರ್ಧ ಬೋರು ಅರ್ಧ ಆರ್‌ಒ ಕಲಸ್ರಿ, ಕಾಲುವೆ ನೀರು ಬರೋ ಊರಾದ್ರ ನಳದ ನೀರನ್ನ ಒಂದು ದಿನ ತೆರೆದ ಬಕೀಟಿನ್ಯಾಗ ಇಟ್ಟು ಕ್ಲೋರಿನ್ ಹಾರಿಸಿ ಹಾಕ್ರಿ. ಅವಸರ ಇದ್ರ ಅಂಗಡಿಯಾಗ ಆಂಟಿ-ಕ್ಲೋರಿನ್ ಸಿಗ್ತೈತಿ.

ಟ್ಯಾಂಕ್ ಸೈಜು ಸ್ಪೈನಿ ಲೋಚಿಗೂ ಕೂಲಿಗೂ ಎರಡಡಿ ಉದ್ದ ಒಂದಡಿ ಅಗಲ ಒಂದಡಿ ಎತ್ತರ ಸಾಕು, ಸುಮಾರು 54 ಲೀಟರ್ ನೀರು ಹಿಡಿತೈತಿ. ಎತ್ತರಕ್ಕಿಂತ ತಳದ ಅಗಲ ನೋಡ್ರಿ. ನೀರು ತುಂಬಿ ಸ್ಪಂಜ್ ಫಿಲ್ಟರ್ ಚಾಲೂ ಮಾಡಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕ್ಕೊಂತ ನಾಲ್ಕರಿಂದ ಆರು ವಾರ ಮೀನಿಲ್ಲದ ಬಿಡ್ರಿ. ಮೀನಿನ ಉಚ್ಚೆ, ಕೊಳೆತ ಊಟದಿಂದ ಅಮೋನಿಯಾ ಬರ್ತೈತಿ, ಅದು ವಿಷ, ಅದನ್ನ ನೈಟ್ರೈಟ್ ಮಾಡಿ ಆಮ್ಯಾಲ ಅಷ್ಟೇನೂ ಅಪಾಯ ಇಲ್ಲದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಸ್ಪಂಜಿನ್ಯಾಗ ಬೆಳೆಯಾಕ ಅಷ್ಟು ಟೈಮ್ ಬೇಕು. ಮನ್ಯಾಗ ಹುಡುಗ್ರು ಖಾಲಿ ಟ್ಯಾಂಕ್ ನೋಡಿ ನಗ್ತಾರ, ನಗ್ಲಿ ಬಿಡ್ರಿ.

ಬ್ಯಾಸಗಿ ಬಂತಂದ್ರ ಬ್ಯಾರೆನೇ ಕತಿ. ಒಂದು ಲೀಟರ್ ನೀರು 20 ಡಿಗ್ರಿಯಾಗ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿತೈತಿ, 30 ಡಿಗ್ರಿಗೆ ಅದು ಏಳೂವರೆಗೆ ಇಳಿತೈತಿ, 35ಕ್ಕೆ ಏಳರ ಹತ್ರ. ಹೊರಗ 42 ಡಿಗ್ರಿ ಇದ್ದಾಗ ಟ್ಯಾಂಕಿನ ನೀರೂ ಕಾಯ್ತೈತಿ, ಮೀನಿಗೆ ಉಸಿರು ಹೆಚ್ಚು ಬೇಕಾಗೋದೂ ಆವಾಗನ. ಸ್ಪೈನಿ ಲೋಚು ಇದಕ್ಕೊಂದು ಉಪಾಯ ಇಟ್ಕೊಂಡೈತಿ. ತಳದಿಂದ ಬಾಣದಂಗ ಮ್ಯಾಲ ಹಾರಿ ಒಂದು ಗುಟುಕು ಗಾಳಿ ನುಂಗಿ ವಾಪಸ್ ಬಂದು ಕುಂದರ್ತೈತಿ, ಆ ಗಾಳಿ ಕರುಳಿನ ಹಿಂಭಾಗಕ್ಕ ಹೋಗಿ ಅಲ್ಲಿನ ತೆಳು ರಕ್ತನಾಳಗಳೊಳಗ ಆಕ್ಸಿಜನ್ ಇಳಿತೈತಿ, ಉಳಿದ ಗಾಳಿ ಹಿಂದಿನಿಂದ ಗುಳ್ಳಿ ಗುಳ್ಳಿಯಾಗಿ ಹೊರಗ ಬರ್ತೈತಿ. ಹೌದ್ರಿ, ಹೂಸು ಬಿಟ್ಟಂಗ. ಯಾವಾಗರ ಒಮ್ಮೆ ಮಾಡಿದ್ರ ಸಹಜ, ನಿಮಿಷ ನಿಮಿಷಕ್ಕ ಮ್ಯಾಲ ಹಾರಾಕತ್ತಿತು ಅಂದ್ರ ನೀರಿನ್ಯಾಗ ಗಾಳಿ ಸಾಲ್ತಿಲ್ಲ ಅಂತ ಅರ್ಥ.

ಇವರ ಯುರೋಪಿನ ಸಂಬಂಧಿ ಒಂದೈತಿ, ವೆದರ್‌ಫಿಶ್ ಅಂತಾರ, ಮಳಿ ಗಾಳಿ ಬರೋ ಮುಂಚೆ ಗಾಳಿಯ ಒತ್ತಡ ಇಳಿದಾಗ ಅದು ಚಡಪಡಿಸ್ತೈತಿ ಅಂತ ಹಿಂದ ಜನ ಅದನ್ನ ಗಾಜಿನ ಭರಣಿಯಾಗ ಸಾಕಿ ಹವಾಮಾನ ನೋಡ್ತಿದ್ರು.

ಬ್ಯಾಸಗಿಗೆ ಏನ್ ಮಾಡೋದು ಅಂದ್ರ, ಟ್ಯಾಂಕನ್ನ ಪಡುವಣ ಗೋಡೆಯಿಂದ ದೂರ ಇಡ್ರಿ, ಮುಚ್ಚಳದ ಬದಲು ಸೊಳ್ಳೆ ಜಾಲರಿ ಬಿಗಿದು ಅದರ ಮ್ಯಾಲ ಸಣ್ಣ ಟೇಬಲ್ ಫ್ಯಾನ್ ಬಿಡ್ರಿ, ನೀರು ಆವಿ ಆಗ್ತಾ ಎರಡು ಮೂರು ಡಿಗ್ರಿ ತಣ್ಣಗಾಗ್ತೈತಿ. ಆರಿದಷ್ಟು ನೀರಿಗೆ ಬದ್ಲಿ ಆರ್‌ಒ ನೀರೇ ಹಾಕ್ಬೇಕು, ಯಾಕಂದ್ರ ಆವಿ ಆಗೋದು ನೀರು ಮಾತ್ರ, ಉಪ್ಪು ಟ್ಯಾಂಕಿನ್ಯಾಗೇ ಉಳಿತೈತಿ. ಐಸ್ ಗಡ್ಡಿ ಹಾಕಬ್ಯಾಡ್ರಿ. ಕರೆಂಟ್ ಹೋದ್ರ ಅಂತ ಬ್ಯಾಟರಿ ಏರ್ ಪಂಪ್ ಒಂದು ಮನ್ಯಾಗ ಇರ್ಲೇಬೇಕು, ಲೋಚಿಗಿಂತ ಮೊದ್ಲು ಅದನ್ನ ತಗೊಳ್ರಿ. ಜಾಲರಿ ಮಾತ್ರ ಸಂದಿಲ್ಲದಂಗ ಬಿಗೀರಿ, ಕೂಲಿಯಂತೂ ಪೈಪ್ ಹೋಗೋ ತೂತಿನ್ಯಾಗಿಂದ ಹೊರಗ ಬಂದು ನೆಲದ ಮ್ಯಾಲ ಒಣಗಿರ್ತೈತಿ.

ಊಟ, ಜೊತಿ, ಔಷಧ

ಅಡಗಾಕ ಒಡೆದ ಗಡಗಿ ತುಂಡು, ತೆಂಗಿನ ಚಿಪ್ಪು, ಸಣ್ಣ ಪಿವಿಸಿ ಪೈಪು, ಏನಾದ್ರೂ ಆಗ್ತೈತಿ. ಒಂದೇ ಮೀನು ತರಬ್ಯಾಡ್ರಿ, ಐದಾರು ಇದ್ರ ಧೈರ್ಯ ಬಂದು ಹಗಲೂ ಹೊರಗ ಕಾಣಸ್ತಾವ, ಒಂದೇ ಇದ್ರ ಕಲ್ಲಿನ ಸಂದಿಯಾಗ ಸೇರಿದ್ದು ಮುಖಾನೂ ತೋರಸೋದಿಲ್ಲ.

ಊಟ ಲೈಟ್ ಆರಿಸಿದ ಮ್ಯಾಲ. ಹಗಲು ಹಾಕಿದ್ರ ಮ್ಯಾಲಿನ ಮೀನು ತಿಂದು ಮುಗಿಸ್ತಾವ, ಇವಕ್ಕ ಏನೂ ಇಳಿಯೋದಿಲ್ಲ, ಬಡಕಲಾಗೋಕೆ ದೊಡ್ಡ ಕಾರಣ ಇದೇ. ಮುಳುಗೋ ಪೆಲೆಟ್, ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಸಣ್ಣ ಕೆಂಪು ಹುಳ), ತೊಳೆದು ಸಣ್ಣಗ ಕೊಯ್ದ ಎರೆಹುಳ, ವಾರಕ್ಕೊಮ್ಮೆ ಬೇಯಿಸಿದ ಸೌತಿಕಾಯಿ ಹೋಳು. ಬೋಟಿಯಾ ಜಾತಿಯವು ಬಸವನಹುಳು ಅಂದ್ರ ಜೀವ, ಊಟದ ಖುಷಿಗೆ ಟಕ್ ಟಕ್ ಅಂತ ಸಪ್ಪಳಾನೂ ಮಾಡ್ತಾವ, ಗಾಜಿಗೆ ಕಿವಿ ಇಟ್ರ ಕೇಳ್ತೈತಿ. ಕ್ಲೌನ್ ಲೋಚು ಉಂಡು ಒಂದು ಮಗ್ಗಲಿಗೆ ಬಿದ್ದಿದ್ರ ಸತ್ತೈತಿ ಅಂತ ಎತ್ತಿ ಒಗಿಬ್ಯಾಡ್ರಿ, ಅದು ಮಲಗೋದೇ ಹಂಗ.

ಗಂಡು ಹೆಣ್ಣು ಗುರುತಿಸಬೇಕಂದ್ರ ಸ್ಪೈನಿ ಲೋಚಿನ ಎದೆಯ ರೆಕ್ಕೆ ನೋಡ್ರಿ, ಗಂಡಿಗೆ ಒಳಗಿನ ಕಡ್ಡಿ ದಪ್ಪ ಆಗಿ ಗಟ್ಟಿಯಾಗಿರ್ತಾವ. ಮರಿ ಮಾಡೋದು ಮಳಿಗಾಲದಾಗ, ಟ್ಯಾಂಕಿನ್ಯಾಗ ಅದು ಸುಲಭಕ್ಕ ಆಗೋ ಮಾತಲ್ಲ.

ಮೈಮ್ಯಾಲ ಉಪ್ಪು ಚೆಲ್ಲಿದಂಗ ಬಿಳಿ ಚುಕ್ಕಿ ಬಂದ್ರ ಅದು ಇಚ್ ಅನ್ನೋ ಪರೋಪಜೀವಿ, ಹೊಸ ಮೀನಿನ ಜೊತಿಗೇ ಬರೋದು. ಹುರುಪೆ ಇದ್ದೂ ಇಲ್ಲದಂಥ ಮೈ, ಔಷಧ ಸೀದಾ ಒಳಗ ಹೋಗ್ತೈತಿ, ಬಾಟಲಿ ಮ್ಯಾಲ ಬರೆದ ಡೋಸಿನ ಅರ್ಧದಿಂದ ಶುರು ಮಾಡ್ರಿ, ತಾಮ್ರ ಇರೋ ಔಷಧ ಹತ್ರಾನೂ ತರಬ್ಯಾಡ್ರಿ. ಹೊಸ ಮೀನನ್ನ ಎರಡು ಮೂರು ವಾರ ಬ್ಯಾರೆ ಟಬ್ಬಿನ್ಯಾಗ ಇಟ್ಟು ನೋಡಿದ್ರ ಈ ರಗಳೆನೇ ಬರೋದಿಲ್ಲ.

ಹೊಳಿಯಾಗ ಹಿಡಿಬೋದಾ?

ಸಿಂಧನೂರು, ಗಂಗಾವತಿ ಭತ್ತದ ಗದ್ದಿಯ ಬದುವಿನ ನೀರಿನ್ಯಾಗ ಇಂಥ ಸಣ್ಣ ಮೀನು ಇರ್ತಾವ, ಆದ್ರ ಕ್ರಿಮಿನಾಶಕ ಹೊಡೆದ ಗದ್ದಿಯದ್ದು ತರಬ್ಯಾಡ್ರಿ. ನದಿ ಕಡೆ ಹೋಗೋರು ಒಂದು ತಿಳ್ಕೊಳ್ರಿ, ಕೊಪ್ಪಳ ಜಿಲ್ಲೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರಾ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ, ಅಲ್ಲಿ ಬಲೆ ಹಿಡ್ಕೊಂಡು ಇಳಿಯೋದು ಬ್ಯಾಡ. ಬ್ಯಾಸಗಿಯಾಗ ಕಾಲುವೆ ನೀರು ಬಂದ್ ಮಾಡಿದಾಗ ತಗ್ಗಿನ್ಯಾಗ ಉಳಿದ ಮಡುವು ಆರಿ ಮೀನು ಹೆಂಗೂ ಸಾಯ್ತಾವ, ಹಿಡಿಯೋರು ಅಲ್ಲಿ ನೋಡೋದು ವಾಸಿ.

ಇನ್ನ ಸಾಕಿ ಬ್ಯಾಸರಾತು, ಊರು ಬಿಟ್ಟು ಹೋಗ್ತೀರಿ ಅನ್ರಿ, ಯಾವ ಟ್ಯಾಂಕಿನ ಮೀನನ್ನೂ ಕೆರಿಗೆ ಕಾಲುವೆಗೆ ಬಿಡಬ್ಯಾಡ್ರಿ. ಇದೇ 'ಕ್ಲೀನರ್' ಹೆಸರಿನ್ಯಾಗ ಮಾರೋ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹಂಗ ಬಿಟ್ಟು ಬಿಟ್ಟೇ ಆಂಧ್ರ, ತಮಿಳುನಾಡಿನ ನೀರಿನ್ಯಾಗ ತುಂಬ್ಕೊಂಡು ಮೀನುಗಾರರ ಬಲೆ ಹರಿಯಾಕತ್ತೈತಿ. ಅಂಗಡಿಗೆ ವಾಪಸ್ ಕೊಡ್ರಿ, ಇಲ್ಲಾ ಟ್ಯಾಂಕ್ ಇರೋ ಯಾರಿಗರ ಉಸುಕಿನ ಸಮೇತ ಕೊಟ್ಟುಬಿಡ್ರಿ.