ಪರ, ಬರ, ಮರ: ಕಿವಿ ಮಂದವಿರುವ ಮಗುವಿಗೆ ಶಾಲೆಯಲ್ಲಿ ನೆರವು ಕೇಳುವುದು ಹೇಗೆ?

ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಕೈಗೆ ಬಂದರೆ ಎಲ್ಲರ ಕಣ್ಣೂ ಡೆಸಿಬೆಲ್, ಅಂದರೆ ದನಿಯ ಜೋರಿನ ಅಳತೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶ್ರವಣ ದೋಷ 20ರಿಂದ ಅಲ್ಪ, 35ರಿಂದ ಮಧ್ಯಮ, 50ರಿಂದ ಇನ್ನೂ ಹೆಚ್ಚು, 65ರಿಂದ ತೀವ್ರ. ಇದು ಕಿವಿಯ ಅಳತೆ. ಶಾಲೆಗೆ ಬೇಕಾದದ್ದು ಬೇರೆ: ಹಿಯರಿಂಗ್ ಏಡ್ ಹಾಕಿಕೊಂಡ ಮೇಲೆ ಬರೀ ಕೇಳಿಸಿಕೊಂಡೇ ಮಗುವಿಗೆ ಪಾಠ ತಿಳಿಯುತ್ತದೆಯೇ? ತಿಳಿಯದಿದ್ದರೆ ಶಿಕ್ಷಣದಲ್ಲಿ ಸಾಮಾನ್ಯವಾಗಿ ಅದನ್ನು ಕಿವುಡು ಎನ್ನುತ್ತಾರೆ. ಕಷ್ಟಪಟ್ಟಾದರೂ ಮಾತು ಹಿಡಿದರೆ ಮಂದ ಶ್ರವಣ.

ಹಾಗಾಗಿ ಮೊದಲು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಇನ್ನೊಂದು ಪರೀಕ್ಷೆ ಕೇಳಿ. ಸಾಧನ ಹಾಕಿಕೊಂಡು, ಗದ್ದಲದ ನಡುವೆ, ಮಗುವಿಗೆ ಎಷ್ಟು ಮಾತು ಅರ್ಥವಾಗುತ್ತದೆ? ನಿಶ್ಶಬ್ದ ಕೋಣೆಯ ಫಲಿತಾಂಶ ತರಗತಿಗೆ ಹೊಂದುವುದಿಲ್ಲ.

ಆಮೇಲೆ ಒಂದು ವಾರ ಶಿಕ್ಷಕರ ಜೊತೆ ಸೇರಿ ಬರೆದಿಡಿ: ಯಾವ ಪಾಠದಲ್ಲಿ, ಯಾರ ಮಾತು ತಪ್ಪಿಹೋಯಿತು? ‘ಸ’ದಂಥ ತೆಳು ದನಿಗಳಷ್ಟೇ ಕೇಳಿಸದ ಮಗು ಹೆಸರು ಕೂಗಿದರೆ ತಿರುಗಿ ನೋಡುತ್ತದೆ. ಆದರೆ ‘ಸರಿ’ ಎಂದದ್ದು ‘ಅರಿ’ ಎಂದು ಕೇಳಿಸಬಹುದು. ‘ಕೇಳಿಸುತ್ತೆ, ಸುಮ್ನೆ ಗಮನ ಕೊಡಲ್ಲ’ ಎಂಬ ದೂರು ಹುಟ್ಟುವುದು ಇಲ್ಲೇ.

ಈಗ ಅರ್ಜಿ. ‘ಮಗುವಿಗೆ ಸಹಾಯ ಮಾಡಿ’ ಎಂದಷ್ಟೇ ಬರೆದರೆ ಏನೂ ಆಗದು. ಬೇಕಾದದ್ದನ್ನು ಬಿಡಿಸಿ ಬರೆಯಿರಿ. ಮುಂದಿನ ಸಾಲಲ್ಲಿ ಜಾಗ, ಚೆನ್ನಾಗಿ ಕೇಳುವ ಕಿವಿ ಶಿಕ್ಷಕರ ಕಡೆಗೆ. ಬೆಳಕು ಶಿಕ್ಷಕರ ಮುಖದ ಮೇಲೆ ಬೀಳಬೇಕು. ಬೋರ್ಡಿಗೆ ಮುಖ ಮಾಡಿ ಪಾಠ ಹೇಳಬಾರದು. ಹಿಂದಿನ ಬೆಂಚಿನವರ ಪ್ರಶ್ನೆಯನ್ನು ಶಿಕ್ಷಕರು ಮತ್ತೊಮ್ಮೆ ಹೇಳಬೇಕು. ವಿಡಿಯೋಗೆ ಮಾತನ್ನು ತೋರಿಸುವ ಅಕ್ಷರ ಸಾಲು (ಸಬ್‌ಟೈಟಲ್) ಇರಬೇಕು. ಶಿಕ್ಷಕರ ಕೊರಳಪಟ್ಟಿಯ ಮೈಕಿನಿಂದ ನೇರವಾಗಿ ಹಿಯರಿಂಗ್ ಏಡ್‌ಗೆ ದನಿ ಕಳಿಸುವ ಸಾಧನವನ್ನೂ ಕೇಳಿ. ಬಯಲಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಈ ಮೈಕ್ ಆ ದೂರವನ್ನೇ ಅಳಿಸುತ್ತದೆ.

‘ತುಟಿ ನೋಡಿ ಅರ್ಥ ಮಾಡ್ಕೊಳ್ತಾನೆ ಅಲ್ವಾ?’ ಎಂದು ಯಾರಾದರೂ ಕೇಳಿದರೆ, ಕನ್ನಡಿ ಮುಂದೆ ನಿಂತು ದನಿಯಿಲ್ಲದೆ ಪರ, ಬರ, ಮರ ಎಂದು ಹೇಳಿ ನೋಡಲಿ. ಮೂರೂ ಒಂದೇ!

ಸನ್ನೆ ಭಾಷೆ ಬಳಸುವ ಮಗುವಿಗೆ ಅನುವಾದಕರು ಬೇಕು, ನೋಟ್ಸ್ ಬರೆದುಕೊಡುವವರೂ ಬೇಕು. ಅನುವಾದಕರ ಕೈ ನೋಡುತ್ತಾ ತಾನೇ ಬರೆಯಲು ಮಗುವಿಗೆ ಆಗುವುದಿಲ್ಲ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಭಯ ಬಿಡಿ. ಸನ್ನೆ ಭಾಷೆಗೂ ತನ್ನದೇ ವ್ಯಾಕರಣವಿದೆ, ಅದು ಪೂರ್ಣ ಭಾಷೆ.

ಕೊನೆಗೆ, ದಿನಾ ಬೆಳಗ್ಗೆ ಬ್ಯಾಟರಿ ನೋಡುವವರು ಯಾರು ಎಂದು ಹೆಸರು ಹಿಡಿದು ಬರೆಸಿಕೊಳ್ಳಿ. ಹಿಯರಿಂಗ್ ಏಡ್ ಸೀಟಿ ಹೊಡೆದರೆ, ಕಿವಿಯೊಳಗೆ ಕೂರುವ ಅದರ ಅಚ್ಚು ಸಡಿಲವಾಗಿರಬಹುದು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಹೊಸ ಅಚ್ಚು ಮಾಡಿಸಬೇಕು.