ಮನೆಗೆಲಸ ಹಂಚೋದು ಹೇಗೆ? ಕುಡಿಯೋ ನೀರಿನಿಂದ ಶುರು ಮಾಡಿ

"ಸ್ವಲ್ಪ ಕೈ ಜೋಡಿಸ್ರೀ" ಅಂತ ಮನೆಯವರಿಗೆ ಹೇಳೋದನ್ನ ಮೊದಲು ಬಿಡಿ. ಕೈ ಜೋಡಿಸಿದವರು ಕೈ ಒರೆಸ್ಕೊಂಡು ಎದ್ದು ಹೋಗ್ತಾರೆ, ಕೆಲಸ ಮಾತ್ರ ನಿಮ್ಮ ಹೆಸರಲ್ಲೇ ಉಳೀತದೆ. ಕೊಡೋದಾದ್ರೆ ಪೂರ್ತಿ ಬಿಟ್ಟುಕೊಡಿ, ಅದನ್ನ ನೆನಪಿಟ್ಟುಕೊಳ್ಳೋ ತಲೆಬಿಸಿ ಸಮೇತ.

ಯಾರು ಯಾವ ಕೆಲಸ ಮಾಡ್ತಾರೆ ಅಂತ ಬರೆಯೋಕೆ ಒಂದು ನೋಟ್‌ಬುಕ್ ತಗೊಳ್ಳಿ. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧ ಗಂಟೆಗೊಂದು ಸಾಲು, ಮನೇಲಿರೋ ಒಬ್ಬೊಬ್ಬರಿಗೂ ಒಂದು ಕಾಲಂ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯವರು ಬರ್ಕೊಳ್ಳೋದೂ ಹೀಗೇ. 2024ರ ಅವರ ಲೆಕ್ಕದಲ್ಲಿ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಆ 88 ಕೂಡ ಕೆಲಸ ಮುಟ್ಟಿದ ಗಂಡಸರದ್ದು ಮಾತ್ರ. ಪೇಪರ್ ಹಿಡ್ಕೊಂಡು ಕೂತವರನ್ನ ಸೇರಿಸಿದ್ರೆ ಇನ್ನೂ ಇಳೀತದೆ. ರೊಟ್ಟಿ ಬಡಿಯುತ್ತಾ ಮಗನ ಮಗ್ಗಿ ಕೇಳಿದ್ರೆ ಎರಡನ್ನೂ ಬರೀರಿ.

ಮೊದಲು ಕುಡಿಯೋ ನೀರು ತರೋ ಕೆಲಸ ಬಿಟ್ಟುಕೊಡಿ. ಹೊರಗಿನ ಕೆಲಸ, ಗಂಡಸರ ಮರ್ಯಾದೆಗೆ ಧಕ್ಕೆ ಇಲ್ಲ! ಆದ್ರೆ ಕ್ಯಾನ್ ಹೊತ್ತು ತರೋದಷ್ಟೇ ಕೆಲಸ ಅಲ್ಲ ಅಂತ ಮೊದಲೇ ಹೇಳಿ. ಫಿಲ್ಟರ್ ತಳ ಕಾಣೋದನ್ನ ನೋಡೋದು, ಕ್ಯಾನ್ ಒಳಗಿನ ಪಾಚಿ ಉಜ್ಜೋದು, ಶುದ್ಧ ನೀರಿನ ಘಟಕಕ್ಕೆ ಹಾಕೋಕೆ ನಾಣ್ಯ ಚಿಲ್ಲರೆ ಎತ್ತಿಡೋದು, ಘಟಕ ಕೆಟ್ಟಿದ್ರೆ ಬೇರೆ ಕಡೆ ಹುಡುಕೋದು, ನೆಂಟರು ಬರೋ ಹಿಂದಿನ ದಿನ ಒಂದು ಕ್ಯಾನ್ ಜಾಸ್ತಿ ತಂದಿಡೋದು, ಎಲ್ಲಾ ಸೇರಿ ಒಂದೇ ಕೆಲಸ. "ನೀರು ಖಾಲಿ ಆಗ್ತಾ ಬಂತು" ಅಂತ ನೀವು ನೆನಪಿಸಬೇಡಿ. ಇದೇ ಬಲು ಕಷ್ಟ, ಬಾಯಿ ತುದಿಗೆ ಬಂದಿರ್ತದೆ. ರಾತ್ರಿ ಖಾಲಿ ಆದ್ರೆ ಪಕ್ಕದ ಮನೆಗೆ ಬಿಂದಿಗೆ ಹಿಡ್ಕೊಂಡು ಅವರೇ ಹೋಗ್ಲಿ.

ಅತ್ತೆಯವರು "ನಮ್ಮ ಹುಡುಗ ಅಡುಗೆಮನೆಗೆ ಹೋಗೋದಾ?" ಅಂದ್ರೆ ವಾದಕ್ಕಿಳೀಬೇಡಿ. ನಮ್ಮ ದಾವಣಗೆರೆ ಬೆಣ್ಣೆದೋಸೆ ಹೋಟೆಲುಗಳಲ್ಲಿ ಹಂಚಿನ ಮುಂದೆ ನಿಂತೋರು ಹೆಚ್ಚಾಗಿ ಯಾರು ಅಂತ ಕೇಳಿ. ಸಂಬಳ ಇದ್ದಲ್ಲಿ ಸೌಟು ಹಿಡಿಯೋಕೆ ಯಾವ ಗಂಡಸಿಗೂ ನಾಚಿಕೆ ಇಲ್ಲ.

"ಗೃಹಲಕ್ಷ್ಮಿ 2000 ಬರ್ತದಲ್ಲ" ಅನ್ನೋರೂ ಇದ್ದಾರೆ. 2023ರಲ್ಲಿ ಶುರುವಾದ ಆ ದುಡ್ಡು ಮನೆಯ ಯಜಮಾನಿಗೆ ಅಂತ ಕೊಡೋದು, ಪಾತ್ರೆ ತೊಳೆದಿದ್ದಕ್ಕೆ ಕೂಲಿ ಅಲ್ಲ. ಇದಕ್ಕಿಂತ ಹೆಚ್ಚಿಗೆ ಮಾತು ಬೆಳೆಸಬೇಡಿ.

ಮಕ್ಕಳ ವಿಷಯ: ಟಿಫಿನ್ ಡಬ್ಬಿ ಅವರವರೇ ತೊಳೀಲಿ. ಮಗಳಿಗೊಂದು ಮಗನಿಗೊಂದು ಬೇಡ.

ಕ್ಯಾನ್ ಸರಿಯಾಗಿ ತೊಳೆದಿಲ್ಲ ಅಂತ ನೀವು ಮತ್ತೆ ತೊಳೆದ್ರೋ, ಅದು ವಾಪಸ್ ನಿಮ್ಮ ತಲೆಗೇ. ಒಂದ್ಸಲ ತೋರಿಸಿ, ಸುಮ್ನಾಗಿ. ನೀರು ಹಳಿಗೆ ಬಿದ್ದ ಮೇಲೆ ಗ್ಯಾಸ್ ಬುಕಿಂಗ್, ಆಮೇಲೆ ರಾತ್ರಿ ಪಾತ್ರೆ. "ನಾಳೆ ಏನು ಅಡುಗೆ" ಅಂತ ಯೋಚಿಸೋದನ್ನ ಕೊನೆಗೆ ಕೊಡಿ. ಅದು ಕೊಟ್ಟ ಮೊದಲ ವಾರ ದಿನಾ ಚಿತ್ರಾನ್ನವೇ ಬರಬಹುದು, ತಿನ್ನಿ.